ಖತೀಜಮ್ಮನ ಮೀನು, ನಮ್ಮ ಬೈರಾಸು

ಫಳ್ನೀರಿನ ನಮ್ಮ ಹೆಂಚಿನ ಮನೆಯಲ್ಲಿ ಒಂದು ಕಾಲಕ್ಕೆ, ಮೀನು ಕೊಯ್ಯುವ ಮೊದಲು ಇನ್ನೊಂದು ಮೀನಿನ ಕಣ್ಣಿಗೆ ಮರೆ ಮಾಡುವ ಕ್ರಮ ಇತ್ತು. ಬೆಳಿಗ್ಗೆ ಬುಟ್ಟಿ ಹೊತ್ತ ಮೀನಿನವಳು ಗೇಟಿನ ಹೊರಗೆ ಕೂಗುತ್ತಿದ್ದಳು. ಅಜ್ಜಿ ಚೌಕಾಸಿ ಮಾಡಿ ಬಂಗುಡೆಯನ್ನೋ ಬೂತಾಯಿಯನ್ನೋ ತಂದು ಅಡುಗೆಮನೆಯ ಮೋರಿಯ ಹತ್ತಿರ ಇಡುತ್ತಿದ್ದರು, ಆಮೇಲೆ ನನ್ನನ್ನು ಕರೆಯುತ್ತಿದ್ದರು. ನಾನು ಹಗ್ಗದ ಮೇಲಿಂದ ಕೆಂಪು ಗೆರೆಯ ಹಳೆಯ ಬೈರಾಸನ್ನು ಎಳೆದು ತಂದು, ಊಟದ ಕೋಣೆಯ ಮೂಲೆಯಲ್ಲಿದ್ದ ಗಾಜಿನ ತೊಟ್ಟಿಯ ಮೇಲೆ ಎಲ್ಲ ಕಡೆ ಇಳಿಬೀಳುವ ಹಾಗೆ ಹೊದಿಸಬೇಕು. ಮೈ ಒರೆಸಿ ಒರೆಸಿ ಅಂಚಿನಲ್ಲಿ ನೂಲು ಬಿಟ್ಟಿದ್ದ ಬೈರಾಸು ಅದು. ತೊಟ್ಟಿಯೊಳಗಿನ ಕಿತ್ತಳೆ ಬಣ್ಣದ ಮೀನಿಗೆ ಮೆಟ್ಟುಕತ್ತಿಯಾಗಲಿ, ಬೂದಿ ಹಚ್ಚಿದ ಕೈಯಾಗಲಿ, ನೆಲದ ಮೇಲೆ ಬಿದ್ದ ತಲೆಗಳಾಗಲಿ ಕಾಣಬಾರದು. ಇದೆಲ್ಲ ಯಾಕೆ ಎಂದು ನಾನು ಕೇಳಿದ್ದಕ್ಕೆ ಅಜ್ಜಿ ಕತ್ತಿಯಿಂದ ಕಣ್ಣೆತ್ತದೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ಅದಕ್ಕೆ ರೆಪ್ಪೆ ಇಲ್ಲ ಬಾಯೆ. ಕಣ್ಣು ಮುಚ್ಚು ಅಂದ್ರೆ ಅದು ಹೇಗೆ ಮುಚ್ಚುದು? ನಾವೇ ಮುಚ್ಚಬೇಕು."

ಅಜ್ಜಿ ಎಂದರೆ ನನ್ನ ತಂದೆಯ ತಾಯಿ. ನಾವು ಕೊಂಕಣಿಯಲ್ಲಿ ವಡ್ಲಿಮಾಯ್ ಎನ್ನುತ್ತಿದ್ದೆವು, ದೊಡ್ಡಮ್ಮ ಎಂದ ಹಾಗೆ. ಪಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಮಮ್ಮಿ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಇಬ್ಬರೂ ದುಡಿಯಲು ಹೋಗುವವರಾದ್ದರಿಂದ ಮನೆ ಎಂಬುದು ಪೂರ್ತಿಯಾಗಿ ವಡ್ಲಿಮಾಯಿಯ ಕೈಯಲ್ಲಿತ್ತು. ಯಾವ ಕಿಟಕಿ ಯಾವಾಗ ತೆರೆಯಬೇಕು, ಮಾವಿನ ಮಿಡಿ ಯಾವ ಭರಣಿಗೆ, ಸಂಜೆಯ ತೇರ್ಸಿಗೆ ಯಾರು ಎಲ್ಲಿ ಮೊಣಕಾಲೂರಬೇಕು ಎಂಬುದೆಲ್ಲ ಅವರ ತೀರ್ಮಾನ. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ಮುಂಚಾವಡಿಯ ಆಲ್ತಾರಿನ, ಎಂದರೆ ದೇವರ ಪೀಠದ ಎದುರು, ಎಣ್ಣೆಯ ಕೆಂಪು ದೀಪದ ಕೆಳಗೆ, ನನ್ನ ಜಾಗ ಬಾಗಿಲಿನ ಬದಿಯ ಒಡೆದ ಟೈಲಿನ ಮೇಲೆ. ಆ ಟೈಲಿನ ಬಿರುಕು ಯಾವ ಕಡೆ ಓಡುತ್ತದೆ ಎಂದು ಇವತ್ತೂ ನಾನು ಬೆರಳಿನಲ್ಲಿ ಬರೆದು ತೋರಿಸಬಲ್ಲೆ. ಮನೆಯೊಳಗೆ ಕೊಂಕಣಿ, ಕಂಪೌಂಡಿನಾಚೆ ತುಳು, ಶಾಲೆಯಲ್ಲಿ ಸಿಸ್ಟರ್‌ಗಳ ಇಂಗ್ಲಿಷು. ಬರೆಯಲು ಕೂತರೆ ಮಾತ್ರ ಎಲ್ಲರೂ ನನ್ನೊಳಗೆ ಕನ್ನಡದಲ್ಲೇ ಮಾತಾಡುತ್ತಾರೆ.

ಮೀನು ನಮ್ಮದಾಗಿರಲಿಲ್ಲ. ಪಕ್ಕದ ಮನೆಯ ಖತೀಜಮ್ಮನದು. ಅವರ ಯಜಮಾನರಿಗೆ ಬಂದರಿನಲ್ಲಿ ಸಾಂಬಾರ ಸಾಮಾನಿನ ಅಂಗಡಿ; ಗಂಡುಮಕ್ಕಳು ಗಲ್ಫಿನಲ್ಲಿ. ಅವರಲ್ಲೊಬ್ಬ ರಜೆಯಲ್ಲಿ ಬಂದಾಗ ತಾಯಿಗೆ ಹೊತ್ತು ಹೋಗಲಿ ಎಂದು ಈ ತೊಟ್ಟಿ, ಗಾಳಿಯ ಪಂಪು, ಬಣ್ಣದ ಕಲ್ಲು ಎಲ್ಲ ತಂದು ಜೋಡಿಸಿ ಹೋಗಿದ್ದ. ಮೊದಲು ಹಲವು ಮೀನುಗಳಿದ್ದವಂತೆ. ಉಳಿದದ್ದು ಇದೊಂದೇ. ಬೀಸಣಿಗೆಯಂಥ ಬಾಲ, ಉಬ್ಬಿದ ಹೊಟ್ಟೆ, ಏನೋ ಕೇಳಬೇಕೆಂದು ಬಂದು ಮರೆತು ನಿಂತಂಥ ಮುಖ. ಖತೀಜಮ್ಮ ಅದನ್ನು ಬ್ಯಾರಿ ಭಾಷೆಯಲ್ಲಿ 'ಮೋನೆ' ಎನ್ನುತ್ತಿದ್ದರು, ಮಗನೇ ಎಂದ ಹಾಗೆ. ನಮ್ಮ ಎರಡು ಮನೆಗಳ ನಡುವೆ ನನ್ನ ಎದೆಯೆತ್ತರದ ಒಂದು ಗೋಡೆ. ಗೋಡೆಯಾಚೆ ಅವರ ಜೀಗುಜ್ಜೆ ಮರ, ಹಲಸಿನ ಜಾತಿಯದು. ಅದರ ಒಂದು ದೊಡ್ಡ ಕೊಂಬೆ ನಮ್ಮ ಹಿತ್ತಿಲಿನ ಮೇಲೆ ಚಾಚಿಕೊಂಡಿತ್ತು.

ಜಗಳ ಹುಟ್ಟಿದ್ದು ಆ ಕೊಂಬೆಯಿಂದ. ಕಾಯಿಗಾಗಿ ಅಲ್ಲ. ನಮ್ಮ ಕಡೆ ಬಿದ್ದ ಕಾಯಿ ನಮಗೆ ಎಂದು ಖತೀಜಮ್ಮನೇ ಎಂದೋ ಹೇಳಿದ್ದರು, ಅವರ ಮನೆಯ ಬೇಡಿಕೆಯಂತೆ ನಮ್ಮಿಂದ ಹಿಟ್ಟಿನಲ್ಲಿ ಅದ್ದಿ ಕರಿದ ಜೀಗುಜ್ಜೆಯ ಪೋಡಿಯೂ ಗೋಡೆ ದಾಟಿ ಹೋಗುತ್ತಿತ್ತು. ಆದರೆ ಆ ಕೊಂಬೆಯ ನೆರಳು ಸರಿಯಾಗಿ ವಡ್ಲಿಮಾಯ್ ಮೀನು ಕೊಯ್ಯುವ ಕಲ್ಲಿನ ಮೇಲೆ ಬೀಳುತ್ತಿತ್ತು. ಬೆಳಗಿನ ಬಿಸಿಲಿನಲ್ಲಿ ಆ ಹರಿದ ಹರಿದ ಅಗಲ ಎಲೆಗಳ ಕೆಳಗೆ ಕೂತು, ಕಾಗೆ ಬೆಕ್ಕುಗಳೊಂದಿಗೆ ಮಾತಾಡುತ್ತ ಮೀನು ಕೊಯ್ಯುವುದು ಅವರ ದಿನದ ಒಳ್ಳೆಯ ಹೊತ್ತು. ಒಂದು ಭಾನುವಾರ ನಾವೆಲ್ಲ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಾಗ ಕೊಂಬೆ ಇರಲಿಲ್ಲ. ಕಲ್ಲಿನ ಮೇಲೆ ಬಿಸಿಲು ಬಿದ್ದಿತ್ತು. ಎಲೆ ಉದುರಿ ಮಾಡಿನ ದಂಬೆಯಲ್ಲಿ ನೀರು ನಿಲ್ಲುತ್ತದೆ, ಮರ ಕಡಿಯುವವನು ಇವತ್ತೇ ಸಿಕ್ಕಿದ್ದು, ಬಾಗಿಲು ಬಡಿದೆವು, ನೀವು ಯಾರೂ ಇರಲಿಲ್ಲ ಎಂದು ಖತೀಜಮ್ಮ ಗೋಡೆಯ ಹತ್ತಿರ ಬಂದು ಹೇಳಿದರು. ವಡ್ಲಿಮಾಯ್ ಇಗರ್ಜಿಗೆ ಹೊದ್ದು ಹೋದ ಸೆರಗನ್ನೂ ತಲೆಯಿಂದ ಇಳಿಸದೆ, ನಿಮ್ಮ ಮರ, ನಿಮ್ಮ ಕತ್ತಿ, ನಮ್ಮನ್ನು ಎಂತಕ್ಕೆ ಕೇಳುದು ಎಂದು ಒಳಗೆ ಬಂದುಬಿಟ್ಟರು. ಆ ದಿನದಿಂದ ಪೋಡಿ ಗೋಡೆ ದಾಟಲಿಲ್ಲ. ಮೀನು ಕೊಯ್ಯುವುದು ಹಿತ್ತಿಲಿನಿಂದ ಅಡುಗೆಮನೆಯ ನೆಲಕ್ಕೆ ಬಂತು. ಮನೆಯೆಲ್ಲ ವಾಸನೆ ಎಂದು ಮಮ್ಮಿ ಗೊಣಗಿದರೆ, ಹೋಗಿ ಪಕ್ಕದ ಮನೆಯವರ ಹತ್ತಿರ ಹೇಳು ಎಂಬ ಉತ್ತರ.

ಇದಾಗಿ ಬಹಳ ಕಾಲದ ನಂತರ ಖತೀಜಮ್ಮ ಗಂಡನೊಂದಿಗೆ ಹಜ್ಜಿಗೆ ಹೊರಟರು. ಹೊರಡುವವರು ನೆರೆಹೊರೆಯ ಮನೆಮನೆಗೆ ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಏನಾದರೂ ತಪ್ಪು ಮಾಡಿದ್ದರೆ ಮನ್ನಿಸಿ ಎಂದು ಕೇಳಿಕೊಂಡು ಬರುತ್ತಾರೆ. ಯಾರ ಮನಸ್ಸಿನಲ್ಲೂ ಕಹಿ ಉಳಿಸಿ ಆ ಯಾತ್ರೆಗೆ ಹೋಗಬಾರದಂತೆ. ಒಂದು ಮಧ್ಯಾಹ್ನ ಅವರು ನಮ್ಮ ಮನೆಗೂ ಬಂದರು. ಇಸ್ತ್ರಿ ಮಾಡಿದ ಬಿಳಿ ದುಪಟ್ಟಾ, ಚಪ್ಪಲಿಯನ್ನು ಮೆಟ್ಟಿಲಿನ ಕೆಳಗೇ ಬಿಟ್ಟಿದ್ದರು. ವಡ್ಲಿಮಾಯಿಯ ಎರಡೂ ಕೈ ಹಿಡಿದುಕೊಂಡು ಹೇಳಿದರು.

"ಬಾಯಮ್ಮ, ನನ್ನಿಂದ ಎಂತಾದರೂ ಬೇಸರ ಆಗಿದ್ರೆ ಮಾಫು ಮಾಡ್ಬೇಕು ನೀವು. ಹೋದವಳು ಬರ್ತೇನಾ ಇಲ್ವಾ, ಯಾರಿಗೆ ಗೊತ್ತುಂಟು."

ನಾನು ವಡ್ಲಿಮಾಯಿಯ ಮುಖವನ್ನೇ ನೋಡುತ್ತಿದ್ದೆ. ಅವರು ಅತ್ತಿತ್ತ ನೋಡಿದರು, ಕೂತುಕೊಳ್ಳಿ ಎಂದರು, ಶರಬತ್ತು ಮಾಡು ಎಂದು ಮಮ್ಮಿಗೆ ಹೇಳಿದರು, ಅಲ್ಲಿ ಬಿಸಿಲು ಹೆಚ್ಚಂತೆ ಎಂದರು, ಕಾಲಿಗೆ ಮೆತ್ತಗಿನ ಚಪ್ಪಲಿ ತೆಗೆದುಕೊಳ್ಳಿ ಎಂದರು. ಕೇಳಿದ್ದಕ್ಕೆ ಉತ್ತರ ಮಾತ್ರ ಹೇಳಲಿಲ್ಲ. ಖತೀಜಮ್ಮ ಶರಬತ್ತನ್ನು ಪೂರ್ತಿ ಕುಡಿದು ಲೋಟವನ್ನು ಕೆಳಗಿಟ್ಟರು. ಹೊರಡಲು ಎದ್ದವರು ಮತ್ತೆ ಕೂತು, ಒಂದು ಉಪಕಾರ ಆಗಬೇಕಿತ್ತು ಎಂದರು. ಮನೆಗೆ ಬೀಗ ಹಾಕುತ್ತಾರೆ, ಕಾಸರಗೋಡಿನ ಮಗಳ ಮನೆಯಲ್ಲಿ ಬೆಕ್ಕುಗಳಿವೆ. ತಾವು ಬರುವ ತನಕ ಮೀನನ್ನು ನೀವು ಇಟ್ಟುಕೊಳ್ಳಬಹುದಾ. ಇದಕ್ಕೆ ಇಲ್ಲ ಎನ್ನುವ ಗಟ್ಟಿತನ ವಡ್ಲಿಮಾಯಿಗೂ ಇರಲಿಲ್ಲ. ಮರುದಿನ ಪಪ್ಪ ಮತ್ತು ಖತೀಜಮ್ಮನ ಯಜಮಾನರು ತೊಟ್ಟಿಯನ್ನು ಅರ್ಧ ಖಾಲಿ ಮಾಡಿ ಹೊತ್ತು ತಂದರು. ಪಂಪಿಗೆ ಪ್ಲಗ್ಗು ಬೇಕಾದ್ದರಿಂದ, ಮಿಕ್ಸಿಯ ಪ್ಲಗ್ಗಿದ್ದ ಊಟದ ಕೋಣೆಯ ಮೂಲೆಯೇ ಅದರ ಜಾಗವಾಯಿತು. ಅಲ್ಲಿಂದ ಅಡುಗೆಮನೆಯ ನೆಲ ನೇರವಾಗಿ ಕಾಣುತ್ತಿತ್ತು. ಬೈರಾಸಿನ ಕ್ರಮ ಶುರುವಾದದ್ದು ಹೀಗೆ.

ಮೀನಿನ ಮೈಮೇಲಿನ ಗಂಟು ಮೊದಲು ಕಂಡದ್ದು ನನಗೆ. ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿಸುವ ಸಿಸ್ಟರ್ ಇದ್ದರು. ಕಸೂತಿಯ ಮುಂಭಾಗವನ್ನು ಅವರು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ತೆಗೆದುಕೊಂಡು ಮೊದಲು ಹಿಂದುಮುಂದು ಮಾಡಿ, ಹಿಂಭಾಗದ ಗಂಟುಗಳನ್ನು ನೋಡಿ ಮಾರ್ಕು ಕೊಡುತ್ತಿದ್ದರು. ಹಾಗಾಗಿ ಯಾವುದನ್ನೂ ಹಿಂದಿನಿಂದ ಒಮ್ಮೆ ನೋಡಿಬಿಡುವ ಅಭ್ಯಾಸ ನನಗೆ ಆಗಲೇ ಅಂಟಿತ್ತು. ಹೋಮ್‌ವರ್ಕ್ ಮುಗಿಸಿ ತೊಟ್ಟಿಯ ಹಿಂದಿನ ಇಕ್ಕಟ್ಟಿನಲ್ಲಿ, ಗೋಡೆಗೆ ಕೆನ್ನೆ ಒತ್ತಿ ಇಣುಕುತ್ತಿದ್ದೆ. ಒಂದು ಸಂಜೆ ಮೀನು ಆ ಕಡೆ ತಿರುಗಿ ನಿಂತಾಗ ಬೆನ್ನಿನ ರೆಕ್ಕೆಯ ಬುಡದಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಕಾಣಿಸಿತು. ಬೆಳಕು ಎಂದರು ಪಪ್ಪ. ಕಲ್ಲಿನ ಧೂಳು ಎಂದರು ಮಮ್ಮಿ. ಸ್ವಲ್ಪ ದಿನದಲ್ಲಿ ಅದು ಕುಚ್ಚಲಕ್ಕಿ ಅನ್ನದ ಅಗುಳಿನಷ್ಟಾಯಿತು, ಆಮೇಲೆ ನೆನೆಸಿದ ಕಡಲೆಯಷ್ಟು. ಬಿಳಿಯಲ್ಲಿ ತುಸು ಗುಲಾಬಿ, ಮೇಲ್ಮೈ ಹೂಕೋಸಿನ ಹಾಗೆ ತರಿತರಿ. ಈಗ ಮುಂದಿನಿಂದಲೂ ಎಲ್ಲರಿಗೂ ಕಾಣುತ್ತಿತ್ತು. ರಾತ್ರಿಯ ಊಟಕ್ಕೆ ಕೂತಾಗ ಮಮ್ಮಿ ಕನ್ನಡಕ ಹಾಕಿ ತೊಟ್ಟಿಯ ಹತ್ತಿರ ಬಗ್ಗಿ ತುಂಬ ಹೊತ್ತು ನೋಡಿ, ಗಡ್ಡೆಯ ಹಾಗೆ ಉಂಟು ಎಂದರು. ಯಾರೂ ಏನೂ ಕೇಳಿರಲಿಲ್ಲ. ವಡ್ಲಿಮಾಯ್ ತಟ್ಟೆಯ ಮೇಲೆ ಕೈ ನಿಲ್ಲಿಸಿ ಹೇಳಿದರು.

"ನಾನು ಎಂತದ್ದೂ ಮಾಡ್ಲಿಲ್ಲ ಅದಕ್ಕೆ."

ಆಗ ನನಗೆ ಅವರ ಹೆದರಿಕೆ ಅರ್ಥವಾಯಿತು. ಈ ಮೀನು ನಮ್ಮಲ್ಲಿ ಸತ್ತರೆ ಖತೀಜಮ್ಮ ಏನೆಂದುಕೊಳ್ಳುತ್ತಾರೆ? ಮಾಫು ಕೇಳಿದಾಗ ಬಾಯಿ ಬಿಡದ ಹೆಂಗಸು. ದಿನಾ ಮೀನು ಕೊಯ್ಯುವ ಕೈ. ಅವರು ಬಾಯಲ್ಲಿ ಏನೂ ಅನ್ನಲಿಕ್ಕಿಲ್ಲ, ಆದರೆ ಗೋಡೆಯಾಚೆ ಬದುಕಿರುವಷ್ಟು ದಿನ ಒಳಗೊಳಗೇ ಅಂದುಕೊಳ್ಳುತ್ತಾರೆ. ವಡ್ಲಿಮಾಯಿಗೆ ಅದು ಜಗಳಕ್ಕಿಂತ ದೊಡ್ಡ ಸಂಕಟ. ಪಪ್ಪ ಸಮಾಧಾನಕ್ಕೆಂದು, ಇದೇ ಬಣ್ಣದ ಇನ್ನೊಂದು ಮೀನು ಅಂಗಡಿಯಲ್ಲಿ ಸಿಗಬಹುದು, ತಂದು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದರು. ವಡ್ಲಿಮಾಯ್ ಮಗನನ್ನು ನೋಡಿದ ನೋಟಕ್ಕೆ ಅವರು ಸಾರು ಬಡಿಸಿಕೊಳ್ಳುವುದನ್ನೂ ನಿಲ್ಲಿಸಿದರು.

"ಮೆಕ್ಕಾಕ್ಕೆ ಹೋಗಿ ಬಂದವಳಿಗೆ ಮೋಸ ಮಾಡುದಾ? ನೀನು ಮೇಷ್ಟ್ರು ಅಲ್ವಾ ಮಾರಾಯ?"

ಸಾಕುವ ಮೀನು ಮಾರುವ ಅಂಗಡಿಯವನು ಒಂದು ನೀಲಿ ಮದ್ದು ಕೊಟ್ಟ. ಹನಿ ಹಾಕಿದರೆ ಸಾಕು ಎಂದಿದ್ದ. ತೊಟ್ಟಿ ಇಡೀ ಶಾಯಿಯ ಕುಪ್ಪಿಯಾಯಿತು. ಪಪ್ಪನ ಬೆರಳು, ವಡ್ಲಿಮಾಯಿಯ ಸೆರಗು, ಊಟದ ಮೇಜಿನ ಮೇಲಿನ ಕ್ರೋಶಾ ಬಟ್ಟೆ ಎಲ್ಲ ನೀಲಿ. ನೀರು ತಿಳಿಯಾದಾಗ ಗಂಟು ಇದ್ದಷ್ಟೇ ಇತ್ತು, ನೀಲಿಯಾಗಿ ಇನ್ನೂ ಚೆನ್ನಾಗಿ ಎದ್ದು ಕಾಣುತ್ತಿತ್ತು. ವಡ್ಲಿಮಾಯಿಯ ಯೋಚನೆ ಬೇರೆಯೇ. ಮೀನಿನ ಮೈಯ ಒಳಹೊರಗು ತನಗಿಂತ ಹೆಚ್ಚು ಯಾರಿಗೆ ಗೊತ್ತು, ಸಣ್ಣ ಚೂರಿಯಲ್ಲಿ ಮೆಲ್ಲಗೆ ಕೊಯ್ದು ತೆಗೆದರೆ ಆಯಿತಲ್ಲ ಎಂದರು. ಮಮ್ಮಿ ಮೊದಲ ಸಲ ಅತ್ತೆಗೆ ಎದುರಾಡಿದ್ದನ್ನು ನಾನು ನೋಡಿದ್ದು ಆಗಲೇ. ದನಿ ಏರಿಸಲಿಲ್ಲ. ನೀವು ಕೊಯ್ದ ಮೀನು ಯಾವುದೂ ಇಷ್ಟರವರೆಗೆ ಗುಣವಾಗಬೇಕಾದ್ದು ಆಗಿರಲಿಲ್ಲ, ಎಂತ ಮಾಡಿದರೂ ಡಾಕ್ಟರಿಗೆ ತೋರಿಸಿಯೇ ಮಾಡುವುದು, ಎಂದಷ್ಟೇ ಹೇಳಿ ಚೂರಿಯನ್ನು ಕಪಾಟಿನ ಮೇಲಿಟ್ಟರು.

ಕೂಳೂರಿನ ಕಡೆ ಒಬ್ಬ ದನದ ಡಾಕ್ಟರು ಪಪ್ಪನಿಗೆ ಪರಿಚಯದವರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೊರಟೆವು. ಅಲ್ಯೂಮಿನಿಯಂ ಹಾಲಿನ ಕ್ಯಾನಿನಲ್ಲಿ ಮೀನು, ಮುಚ್ಚಳದ ಬದಲು ತೆಳ್ಳಗಿನ ಬಟ್ಟೆ ಕಟ್ಟಿತ್ತು. ವಡ್ಲಿಮಾಯ್ ಇಗರ್ಜಿಗೆ ಉಡುವ ಸೀರೆ ಉಟ್ಟು, ಕೊಡೆ ಹಿಡಿದು, ನಾನೂ ಬರುತ್ತೇನೆ ಎಂದು ಮೊದಲೇ ಗೇಟಿನಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡವರೂ ಅವರೇ. ಕಂಡಕ್ಟರನಿಗೆ ಪಪ್ಪ ಗುರುತು. ಕ್ಯಾನಿನಲ್ಲಿ ಎಂತ, ಹಾಲಾ ಮೇಷ್ಟ್ರೇ ಎಂದು ಕೇಳಿದ. ಸುಳ್ಳು ಹೇಳಲು ಬಾರದ ಪಪ್ಪ ಮೀನು ಎಂದರು. ಜೀವದ ಮೀನಾ, ಇಷ್ಟು ಫ್ರೆಶ್ಶು ಎಲ್ಲಿ ಸಿಕ್ಕಿತು, ಎಷ್ಟಕ್ಕೆ ಎಂದು ಅವನು ಬಗ್ಗಿ ನೋಡಲು ಬಂದಾಗ ವಡ್ಲಿಮಾಯ್ ಕ್ಯಾನನ್ನು ಸೆರಗಿನೊಳಗೆ ಎಳೆದುಕೊಂಡರು.

"ತಿನ್ಲಿಕ್ಕೆ ಅಲ್ಲ ಮಗಾ. ಅದಕ್ಕೆ ಸೌಖ್ಯ ಇಲ್ಲ."

ಬಸ್ಸು ಪೂರ್ತಿ ನಗುತ್ತಿತ್ತು. ಕೂಳೂರಿನ ಸೇತುವೆ ದಾಟುವಾಗ ಮಾತ್ರ ವಡ್ಲಿಮಾಯ್ ಕಿಟಕಿಯಿಂದ ಹೊಳೆಯನ್ನು ನೋಡಿ, ಕ್ಯಾನಿನ ಬಟ್ಟೆಯನ್ನು ಸ್ವಲ್ಪ ಸರಿಸಿ ಒಳಗೆ ನೋಡಿ, ಮತ್ತೆ ಮುಚ್ಚಿದರು. ಇಷ್ಟು ನೀರಿರುವಾಗ ಇದಕ್ಕೆ ಇಷ್ಟೇ ಎಂದುಕೊಂಡರೋ ಏನೋ.

ಡಾಕ್ಟರು ದಪ್ಪಗಿನ, ನಗುಮುಖದ ಮನುಷ್ಯ. ಅಂಗಳದಲ್ಲಿ ಒಂದು ಎಮ್ಮೆ, ಜಗಲಿಯಲ್ಲಿ ಕಾಲು ಮುರಿದ ಒಂದು ನಾಯಿ ಕಾಯುತ್ತಿದ್ದವು. ಕ್ಯಾನಿನೊಳಗೆ ನೋಡಿ ಅವರು, ಮೀನನ್ನು ನಾನು ಇಷ್ಟರವರೆಗೆ ಬಾಳೆಲೆಯಲ್ಲಿ ಮಾತ್ರ ನೋಡಿದ್ದು ಎಂದರು. ಆದರೆ ಕೂಡಲೇ ಅದನ್ನು ಬಿಳಿ ಬೇಸಿನ್ನಿಗೆ ಬಿಡಿಸಿ, ಭೂತಕನ್ನಡಿ ತರಿಸಿ, ಎಮ್ಮೆಯವನನ್ನು ಕಾಯಲು ಹೇಳಿ ಚೆನ್ನಾಗಿಯೇ ನೋಡಿದರು. ತಿನ್ನುತ್ತದಾ ಎಂದು ಕೇಳಿದರು. ನೆಟ್ಟಗೆ ಈಜುತ್ತದಾ, ಮೂಲೆ ಹಿಡಿದು ಕೂರುತ್ತದಾ, ಕಲ್ಲಿಗೆ ಮೈ ಉಜ್ಜುತ್ತದಾ. ಇವಕ್ಕೆಲ್ಲ ಉತ್ತರ ನನ್ನ ಹತ್ತಿರ ಇತ್ತು, ದೊಡ್ಡವರ ಹತ್ತಿರ ಇರಲಿಲ್ಲ. ನಾನು ಹೇಳುತ್ತಾ ಹೋದ ಹಾಗೆ ಅವರು ನನ್ನ ಕಡೆಗೇ ತಿರುಗಿ ಕೇಳತೊಡಗಿದರು. ಅದುವರೆಗೆ ಯಾವ ದೊಡ್ಡವರೂ ನನ್ನನ್ನು ಅಷ್ಟು ಗಂಭೀರವಾಗಿ ಪ್ರಶ್ನೆ ಕೇಳಿರಲಿಲ್ಲ. ಕೊನೆಗೆ ಕನ್ನಡಿ ಕೆಳಗಿಟ್ಟು ಹೇಳಿದರು.

"ಇದು ಎಂತ ಅಂತ ನನಗೂ ಗೊತ್ತಿಲ್ಲ. ಗೊತ್ತುಂಟು ಅಂತ ಸುಳ್ಳು ಹೇಳುದಿಲ್ಲ. ಆದರೆ ತಿನ್ತದೆ, ಈಜ್ತದೆ. ಅದಕ್ಕೆ ಸಾಯುವ ಯೋಚನೆ ಇಲ್ಲ ಅಂತ ಕಾಣ್ತದೆ. ಕೊಯ್ಯುದು ಮಾತ್ರ ಬೇಡ."

ಚೂಪು ಕಲ್ಲು, ಚಿಪ್ಪು ಇದ್ದರೆ ತೆಗೆಯಿರಿ, ನೀರು ಆಗಾಗ ಸ್ವಲ್ಪ ಸ್ವಲ್ಪ ಬದಲಿಸಿ, ದಿನಕ್ಕೊಮ್ಮೆ ಬೇಸಿನ್ನಿನಲ್ಲಿ ಕಲ್ಲುಪ್ಪಿನ ನೀರು ಮಾಡಿ ಐದು ನಿಮಿಷ ಬಿಡಿ, ಮೈ ವಾಲಿತು ಎಂದರೆ ತಕ್ಷಣ ತೆಗೆಯಿರಿ ಎಂದರು. ಉಪ್ಪು ಎಷ್ಟು ಎಂದು ಕೈಯಲ್ಲಿ ತೋರಿಸಿದರು. ಬರೇ ಉಪ್ಪಾ ಎಂದರು ವಡ್ಲಿಮಾಯ್, ನಿರಾಸೆಯಿಂದ. ಹೊರಗೆ ಬಂದ ಮೇಲೆ, ಮೀನಿಗೆ ಉಪ್ಪು ಹಾಕಲಿಕ್ಕೆ ನಾನು ಕೂಳೂರಿನವರೆಗೆ ಬರಬೇಕಿತ್ತಾ ಎಂದು ಪಪ್ಪನನ್ನು ಕೇಳಿದರು. ಆದರೆ ಬರುವ ದಾರಿಯುದ್ದಕ್ಕೂ ಅವರ ಮುಖ ಹಗುರಾಗಿತ್ತು.

ಉಪ್ಪಿನ ಸ್ನಾನದ ಹೊತ್ತು ಸಂಜೆ ನಾನು ಶಾಲೆಯಿಂದ ಬಂದ ಮೇಲೆ. ಹೂವಿನ ಚಿತ್ರದ ಎನಾಮಲ್ ಬೇಸಿನ್ನಿನಲ್ಲಿ ನೀರು, ಕರಗಿಸಿ ಸೋಸಿದ ಕಲ್ಲುಪ್ಪು. ವಡ್ಲಿಮಾಯ್ ಎರಡೂ ಅಂಗೈಗಳನ್ನು ದೋಣಿ ಮಾಡಿ ಮೀನನ್ನು ಎತ್ತುತ್ತಿದ್ದರು. ಎಷ್ಟೋ ವರ್ಷ ಮೀನನ್ನು ಗಟ್ಟಿಯಾಗಿ ಹಿಡಿಯಲು ಮಾತ್ರ ಕಲಿತ ಕೈಗಳು ಅವು. ಸಡಿಲವಾಗಿ ಹಿಡಿಯುವುದು ಹೇಗೆ ಎಂದು ಅವುಗಳಿಗೆ ಗೊತ್ತಾಗಲು ಸ್ವಲ್ಪ ದಿನ ಬೇಕಾಯಿತು. ಮೊದಮೊದಲು ಮೀನು ಜಾರಿ ಅವರ ಮಡಿಲಿಗೇ ಹಾರಿದ್ದೂ ಉಂಟು. ಗಡಿಯಾರ ಇದ್ದದ್ದು ಮುಂಚಾವಡಿಯಲ್ಲಿ. ಅಡುಗೆಮನೆಯ ಹೊತ್ತನ್ನು ವಡ್ಲಿಮಾಯ್ ಅಳೆಯುತ್ತಿದ್ದುದು ಪ್ರಾರ್ಥನೆಯಲ್ಲಿ. ಮೊಟ್ಟೆ ಬೇಯಲು ಇಷ್ಟು, ಹಾಲು ಉಕ್ಕಲು ಇಷ್ಟು ಎಂದು ಅವರಿಗೆ ಲೆಕ್ಕವಿತ್ತು. ಐದು ನಿಮಿಷ ಎಂದರೆ ತೇರ್ಸಿನ ಒಂದು ಸುತ್ತು: ಒಂದು ಪರಲೋಕದ ಪ್ರಾರ್ಥನೆ, ಹತ್ತು ನಮೋ ಮರಿಯಾ, ಕೊನೆಯ ಸ್ತುತಿ, ಅವರ ನಿಧಾನದ ರಾಗದಲ್ಲಿ. ಮೀನು ಬೇಸಿನ್ನಿಗೆ ಇಳಿದ ಕೂಡಲೇ ಅವರ ತುಟಿ ಅಲುಗತೊಡಗುತ್ತಿತ್ತು. ನಾನು ಪಕ್ಕದಲ್ಲಿ ಬೈರಾಸು ಹಿಡಿದು ನಿಲ್ಲಬೇಕು.

ಒಂದು ವಿಷಯ ನನ್ನ ಕಿವಿಗೆ ಬೇಗ ಬಿತ್ತು. ಮೊದಲ ಪ್ರಾರ್ಥನೆಯಲ್ಲಿ, ನಮ್ಮ ಮೇಲೆ ತಪ್ಪು ಮಾಡಿದವರನ್ನು ನಾವು ಮನ್ನಿಸುವ ಪ್ರಕಾರ ನಮ್ಮನ್ನೂ ಮನ್ನಿಸು ಎಂಬ ಸಾಲು ಬರುತ್ತದಲ್ಲ, ಅಲ್ಲಿಗೆ ಬಂದಾಗ ಅವರು ಓಡುತ್ತಿದ್ದರು. ಉಳಿದದ್ದೆಲ್ಲ ರಾಗವಾಗಿ, ಅದೊಂದು ಸಾಲು ಮಾತ್ರ ಗಾಳಿಗೆ ಬಾಗಿಲು ಹಾಕಿದ ಹಾಗೆ. ಸಂಜೆಯ ತೇರ್ಸಿನಲ್ಲಿ ಎಲ್ಲರ ದನಿಯೊಳಗೆ ಅದು ಗೊತ್ತಾಗುತ್ತಿರಲಿಲ್ಲ. ಇಲ್ಲಿ ಒಬ್ಬರೇ, ಅದೂ ಖತೀಜಮ್ಮನ ಮೀನನ್ನು ಎದುರಿಗಿಟ್ಟುಕೊಂಡು. ದಿನಾ ಅದೇ ಸಾಲು, ದಿನಾ ಅದೇ ಮೀನು. ಓಟ ಕಡಿಮೆಯಾಗುತ್ತ ಬಂದು, ಒಂದು ಸಂಜೆ ಆ ಸಾಲಿನಲ್ಲಿ ಅವರು ನಿಂತೇಬಿಟ್ಟರು. ಕಿಟಕಿಯಾಚೆ ಹಿತ್ತಿಲಿನ ಆ ಕಲ್ಲಿನ ಕಡೆ ನೋಡುತ್ತಿದ್ದರು. ಆಮೇಲೆ ಮೀನಿನ ಮೇಲೆ ಬಗ್ಗಿ, ನಾನು ಅಲ್ಲಿ ಇದ್ದೇನೆ ಎಂಬುದನ್ನೇ ಮರೆತವರ ಹಾಗೆ ಹೇಳಿದರು.

"ಆಯ್ತು, ಬಿಟ್ಟೆ. ಕೊಂಬೆ ಹೋದ್ರೆ ಹೋಗ್ಲಿ. ನನಗೆ ಎಂತ ಕೋಪವೂ ಇಲ್ಲ ನಿನ್ನ ಅಮ್ಮನ ಮೇಲೆ."

ಹಾಗೆ ಹೇಳಿ ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಸುತ್ತು ಎಲ್ಲಿಗೆ ನಿಂತಿತ್ತು ಎಂಬುದು ಅವರಿಗೂ ತಪ್ಪಿತ್ತು, ನನಗೂ ತಪ್ಪಿತ್ತು. ನಾನು ಅವರ ಮುಖವನ್ನು ನೋಡುತ್ತಿದ್ದೆನೇ ಹೊರತು ಬೇಸಿನ್ನನ್ನಲ್ಲ. ನೋಡುವಾಗ ಮೀನು ಒಂದು ಮಗ್ಗುಲಿಗೆ ವಾಲಿ, ಕಿತ್ತಳೆ ಸಿಪ್ಪೆಯ ಹಾಗೆ ತೇಲುತ್ತಿತ್ತು.

ನಾನು ಕೂಗಿದ್ದಕ್ಕೆ ಮಮ್ಮಿ ಕೋಣೆಯಿಂದ ಓಡಿ ಬಂದರು. ಡ್ಯೂಟಿಗೆ ಹೊರಡಲು ಬಿಳಿ ಸೀರೆಯ ಅರ್ಧ ನೆರಿಗೆ ಹಿಡಿದುಕೊಂಡೇ ಬಂದು, ಬೇಸಿನ್ನಿಗೆ ಕೈ ಹಾಕಿ ಮೀನನ್ನು ಎತ್ತಿ ತೊಟ್ಟಿಗೆ ಬಿಟ್ಟರು. ಪಂಪಿನ ನಳಿಗೆಯ ಗುಳ್ಳೆಗಳ ಎದುರು ಅದರ ಬಾಯಿ ಬರುವ ಹಾಗೆ ಎರಡು ಬೆರಳುಗಳ ನಡುವೆ ಮೆಲ್ಲಗೆ ಹಿಡಿದು ನಿಂತರು. ಬೆರಳು ತೆಗೆದಾಗ ಅದು ತಳಕ್ಕೆ ಇಳಿದು ಕಲ್ಲುಗಳ ಮೇಲೆ ಒರಗಿತು. ಕಿವಿರು ಒಮ್ಮೆ ತೆರೆದರೆ ಮುಚ್ಚಲು ತುಂಬ ಹೊತ್ತು ಹಿಡಿಯುತ್ತಿತ್ತು. ವಡ್ಲಿಮಾಯ್ ಉಪ್ಪಿನ ಕೈಗಳನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಿದ್ದರು. ಮಮ್ಮಿ ಅವರಿಗೆ ಒಂದು ಮಾತೂ ಬಯ್ಯಲಿಲ್ಲ. ಕುರ್ಚಿಯೊಂದನ್ನು ತೊಟ್ಟಿಯ ಎದುರು ಎಳೆದು, ಕೂತುಕೊಳ್ಳಿ, ನಿಮ್ಮ ಕೈ ಮೊದಲು ತೊಳೆಯಿರಿ, ಉಪ್ಪು ಬೆರಳಿನ ಬಿರುಕಿಗೆ ಹೋಗ್ತದೆ ಎಂದರು. ಆ ಕುರ್ಚಿಯಲ್ಲಿ ವಡ್ಲಿಮಾಯ್ ದೀಪ ಹಚ್ಚುವ ಹೊತ್ತಿನವರೆಗೆ ಕೂತರು. ಅಂದಿನ ತೇರ್ಸ್ ಆಲ್ತಾರಿನ ಎದುರು ಆಗಲಿಲ್ಲ. ಪಪ್ಪ, ನಾನು, ಅವರು, ಮೂವರೂ ಊಟದ ಕೋಣೆಯಲ್ಲಿ ತೊಟ್ಟಿಯ ಸುತ್ತ ಕೂತೇ ಹೇಳಿದೆವು. ಮೂರನೆಯ ಸುತ್ತಿನ ನಡುವೆ ಎಲ್ಲೋ ಮೀನು ಎದ್ದು ನೆಟ್ಟಗಾಯಿತು. ಒಮ್ಮೆ ಮೈ ಕೊಡವಿ, ಯಾವಾಗಲೂ ಬಂದು ನಿಲ್ಲುವ ಮೂಲೆಗೆ ಬಂದು, ಏನು ಕೇಳಬೇಕೆಂದಿದ್ದೆ ಎಂದು ಯೋಚಿಸುವ ಮುಖದಲ್ಲಿ ನಮ್ಮನ್ನು ನೋಡಿತು. ವಡ್ಲಿಮಾಯ್ ನಿಲ್ಲಿಸದೆ ಸುತ್ತು ಮುಗಿಸಿದರು. ಮುಂದಿನ ಸುತ್ತಿನ ಮೊದಲಲ್ಲಿ ಆ ಸಾಲು ಬಂದಾಗ ಈಗ ಓಡಲಿಲ್ಲ.

ಉಪ್ಪಿನ ಸ್ನಾನ ಆಮೇಲೆಯೂ ನಡೆಯಿತು, ಮುಂಚಾವಡಿಯ ಗಡಿಯಾರವನ್ನು ಅಡುಗೆಮನೆಗೆ ತಂದು. ಮನೆಗೆ ಮೀನು ತರುವುದನ್ನು ಮಾತ್ರ ವಡ್ಲಿಮಾಯ್ ನಿಲ್ಲಿಸಿದರು. ಇದು ಗುಣವಾಗುವ ತನಕ ಬೇಡ ಎಂದರು. ತೊಂಡೆಕಾಯಿ, ಬಸಳೆ, ಮತ್ತೆ ತೊಂಡೆಕಾಯಿ. ಪಪ್ಪ ಶಾಲೆಯಿಂದ ಬರುವಾಗ ಹೋಟೆಲಿಗೆ ಹೋಗಿ ಬರುತ್ತಿದ್ದಾರೆ ಎಂದು ಅವರ ಅಂಗಿಯ ಮಸಾಲೆಯ ವಾಸನೆಯಿಂದ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಗಂಟಿನ ಗುಲಾಬಿ ಬಣ್ಣ ಹೋಗಿ ಬೂದಿಯಾಯಿತು, ಅಂಚುಗಳು ನೆನೆದ ಕಾಗದದ ಹಾಗೆ ಎದ್ದವು. ಒಂದು ಬೆಳಿಗ್ಗೆ ಯೂನಿಫಾರ್ಮಿನ ಬೆಲ್ಟು ಕಟ್ಟುತ್ತ, ಅಭ್ಯಾಸದಂತೆ ಹಿಂದಿನ ಇಕ್ಕಟ್ಟಿನಿಂದ ಇಣುಕಿದೆ. ಗಂಟು ಇರಲಿಲ್ಲ. ರೆಕ್ಕೆಯ ಬುಡದಲ್ಲಿ ಒಂದು ಹುರುಪೆ ಬಿದ್ದುಹೋದ ಸಣ್ಣ ಗುಳಿ ಮಾತ್ರ, ಅದರೊಳಗೆ ನಯವಾದ ಹೊಸ ಚರ್ಮ. ನಾನು ಹೇಳಿದರೆ ನಂಬದೆ ಒಬ್ಬೊಬ್ಬರೇ ಬಂದು ಗೋಡೆಗೆ ಕೆನ್ನೆ ಒತ್ತಿ ನೋಡಿದರು. ವಡ್ಲಿಮಾಯಿಗೆ ಆ ಇಕ್ಕಟ್ಟಿನಲ್ಲಿ ತಲೆ ಹೋಗದೆ ಪಪ್ಪ ತೊಟ್ಟಿಯನ್ನೇ ಸ್ವಲ್ಪ ಎಳೆದುಕೊಟ್ಟರು. ಉಪ್ಪು ಎಂದರು ಮಮ್ಮಿ. ತಾನಾಗಿಯೇ ಹೋಯಿತು ಎಂದರು ಪಪ್ಪ. ವಡ್ಲಿಮಾಯ್ ಗೇಟಿನ ಹತ್ತಿರ ಹೋಗಿ ನಿಂತರು, ಮೀನಿನವಳು ಬಂದಳೇ ಎಂದು ನೋಡಲು.

ಖತೀಜಮ್ಮ ಬಂದದ್ದು ಅದಾದ ಸ್ವಲ್ಪ ದಿನಕ್ಕೆ. ಬಿಸಿಲಿಗೆ ಮುಖ ಕಪ್ಪಾಗಿತ್ತು, ತೆಳ್ಳಗಾಗಿದ್ದರು. ಖರ್ಜೂರದ ಪೊಟ್ಟಣ, ಸಣ್ಣ ಬಾಟಲಿಯಲ್ಲಿ ಝಮ್‌ಝಮ್ ನೀರು ತಂದಿದ್ದರು. ಬಂದವರೇ ತೊಟ್ಟಿಯ ಹತ್ತಿರ ಹೋಗಿ ಮೋನೆ ಎಂದು ಗಾಜು ತಟ್ಟಿದರು. ಗುಳಿ ಆಗ ಅಷ್ಟಾಗಿ ಕಾಣುತ್ತಿರಲಿಲ್ಲ. ಸುಮ್ಮನಿದ್ದರೆ ಅವರಿಗೆ ಗೊತ್ತಾಗುತ್ತಲೇ ಇರಲಿಲ್ಲ. ವಡ್ಲಿಮಾಯ್ ತಾವೇ ಬೆರಳಿಟ್ಟು ತೋರಿಸಿದರು. ಗಂಟು, ನೀಲಿ ಮದ್ದು, ಕೂಳೂರಿನ ಡಾಕ್ಟರು, ವಾಲಿ ಬಿದ್ದದ್ದು, ಯಾವುದನ್ನೂ ಬಿಡದೆ ಹೇಳಿದರು. ಖತೀಜಮ್ಮ ನಡುವೆ ಬಾಯಿ ಹಾಕಲಿಲ್ಲ. ಬಸ್ಸಿನ ಕಥೆಗೆ ಮಾತ್ರ ದುಪಟ್ಟಾದಲ್ಲಿ ಬಾಯಿ ಮುಚ್ಚಿ ನಕ್ಕರು. ಎಲ್ಲ ಮುಗಿದ ಮೇಲೆ ಅವರು ಹೇಳಿದ್ದು ಹೀಗೆ.

"ಬಾಯಮ್ಮ, ನಿಜ ಹೇಳ್ತೇನೆ. ಮೀನು ಇಡ್ಲಿಕ್ಕೆ ಬಂದರಿನಲ್ಲಿ ನನ್ನ ತಂಗಿಯ ಮನೆ ಉಂಟು. ಅಲ್ಲಿ ಬೆಕ್ಕಿಲ್ಲ. ಆ ದಿನ ನೀವು ಮಾಫು ಅಂತ ಹೇಳ್ಲಿಲ್ಲ. ಎಂತ ಮಾಡುದು ಅಂತ ಆಯ್ತು ನನಗೆ. ಇದು ಇಲ್ಲಿದ್ರೆ ದಿನಾ ಆಹಾರ ಹಾಕುವಾಗ ನಿಮಗೆ ನನ್ನ ನೆನಪಾದ್ರೂ ಆಗ್ತದಲ್ಲ ಅಂತ ಬಿಟ್ಟು ಹೋದೆ."

ವಡ್ಲಿಮಾಯ್ ತೊಟ್ಟಿಯ ಕಡೆ ಬೆರಳು ತೋರಿಸಿದರು.

"ನಾನು ಹೇಳಿ ಆಯ್ತು ಖತೀಜಮ್ಮ. ಇದರ ಹತ್ತಿರ ಹೇಳಿದ್ದೇನೆ."

"ಅದಕ್ಕೆ ಬಾಯಿ ಉಂಟು, ಮಾತು ಬರ್ತದಾ? ನನಗೆ ಹೇಗೆ ಗೊತ್ತಾಗುದು?"

ಆಗ ವಡ್ಲಿಮಾಯ್ ಅವರ ಕೈ ಹಿಡಿದರು. ಉಪ್ಪಿಗೆ ಒಡೆದ ಬೆರಳುಗಳು ಇನ್ನೂ ಪೂರ್ತಿ ಮಾಗಿರಲಿಲ್ಲ. ಆ ದಿನ ಖತೀಜಮ್ಮ ಕೇಳಿದ್ದಕ್ಕೆ ಹೇಳಬೇಕಾಗಿದ್ದ ಮಾತನ್ನು ಈಗ ಹೇಳಿದರು, ನೆಟ್ಟಗೆ, ಅವರ ಮುಖ ನೋಡಿ. ಇಬ್ಬರೂ ಅಳಲಿಲ್ಲ. ಆಮೇಲೆ ಎಂದೂ ಇಲ್ಲದಷ್ಟು ಹೊತ್ತು ಕೂತು ಹರಟಿದರು. ಸಂಜೆ ತೊಟ್ಟಿ ಗೋಡೆಯಾಚೆಗೆ ಹೋಯಿತು.

ಆ ಮನೆ ಈಗಿಲ್ಲ. ಅಲ್ಲೊಂದು ಅಪಾರ್ಟ್‌ಮೆಂಟ್ ಇದೆ. ಕಲ್ಲು ಇದ್ದ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ. ಶಕ್ತಿನಗರದ ನಮ್ಮ ಫ್ಲ್ಯಾಟಿನಲ್ಲಿ ನಾನು ಯಾರೊಂದಿಗಾದರೂ ಮಾತು ಬಿಟ್ಟಾಗ ನನ್ನ ಮಗಳು ತಮಾಷೆಗೆ, ಮಮ್ಮಿಗೆ ಒಂದು ಮೀನು ತಂದುಕೊಡಿ ಎನ್ನುತ್ತಾಳೆ. ನನಗೆ ಮಾತ್ರ ಆಗ ನೆನಪಿಗೆ ಬರುವುದು ತೊಟ್ಟಿ ಹೋದ ಮರುದಿನದ ಬೆಳಿಗ್ಗೆ. ಬಂಗುಡೆ ಬಂದಿತ್ತು. ವಡ್ಲಿಮಾಯ್ ಮೆಟ್ಟುಕತ್ತಿ ಇಟ್ಟು, ಬೂದಿ ತೆಗೆದು, ಎಂದಿನಂತೆ ನನ್ನನ್ನು ಕರೆದರು. ನಾನೂ ಎಂದಿನಂತೆ ಹಗ್ಗದಿಂದ ಬೈರಾಸು ಎಳೆದುಕೊಂಡು ಬಂದೆ. ಊಟದ ಕೋಣೆಯ ಮೂಲೆಯಲ್ಲಿ ತೊಟ್ಟಿ ಇದ್ದ ಜಾಗ ಮಾತ್ರ ಒರೆಸಿದ ಹಾಗೆ ಬೆಳ್ಳಗಿತ್ತು. ನಾವಿಬ್ಬರೂ ಅದನ್ನು ನೋಡಿದೆವು. ವಡ್ಲಿಮಾಯ್ ಬೈರಾಸನ್ನು ನನ್ನ ಕೈಯಿಂದ ತೆಗೆದುಕೊಂಡು, ಹಾಗಾದ್ರೆ ಇನ್ನು ಒಳಗೆ ಯಾಕೆ ಎಂದರು. ಅದನ್ನು ಬಿಸಿಲಿಗೆ ತಲೆಯ ಮೇಲೆ ಹೊದ್ದು, ಮೀನಿನ ಚಟ್ಟಿ ಎತ್ತಿಕೊಂಡು, ಹಿತ್ತಿಲಿನ ಕಲ್ಲಿನ ಕಡೆ ಹೊರಟರು. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಈಚೆಯಿಂದ ಒಂದು ದನಿ, ಆಚೆಯಿಂದ ಒಂದು ದನಿ, ನಡುವೆ ಕತ್ತಿಯ ಸದ್ದು ಕೇಳತೊಡಗಿತು.